ಲಾಟೀನು ಹುಡುಗಿಯ ಏಳು ಗೋಡೆಗಳು

ಬೋರ್ಡ್ ಬರೆಯುವವರಿಗೆ ಒಂದು ಚಟವಿದೆ. ಬರೆದದ್ದು ಮಟನ್ ಅಂಗಡಿಯ ಬೋರ್ಡೇ ಆಗಲಿ, ಮುನೇಶ್ವರನ ಗುಡಿಯ ಕಮಾನೇ ಆಗಲಿ, ಕೊನೆಗೆ ಬಲಗಡೆಯ ಕೆಳಮೂಲೆಯಲ್ಲಿ ತಮ್ಮ ಹೆಸರನ್ನು ಪುಟ್ಟದಾಗಿ ಬರೆಯದೆ ಅವರು ಏಣಿ ಎತ್ತಿಕೊಂಡು ಹೋಗುವುದಿಲ್ಲ. ಯಲಹಂಕ ಹಳೇ ಊರಿನ ಭೀಮರಾಜ್ ಇಪ್ಪತ್ತೈದು ವರ್ಷ ಹಾಗೇ ಬರೆದಿದ್ದ. ‘ಕಲೆ: ಭೀಮ್’, ಅದರ ಕೆಳಗೆ ಫೋನ್ ನಂಬರು. ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದ ಗೋಡೆಯ ಮೂಲೆಯಲ್ಲೂ ‘ಕಲೆ: ಭೀಮ್’ ಇರುತ್ತಿತ್ತು. ಅದರಲ್ಲಿ ಕಲೆ ಎಲ್ಲಿಂದ ಬಂತು ಎಂದು ಅವನನ್ನು ಯಾರೂ ಕೇಳಿರಲಿಲ್ಲ, ಮಗಳೊಬ್ಬಳನ್ನು ಬಿಟ್ಟು.

"ಅಪ್ಪಾ, ಬಟ್ಟೆ ಮೇಲೆ ಸಾರು ಚೆಲ್ಲಿದ್ರೆ ಆಗುತ್ತಲ್ಲ, ಅದೂ ಕಲೇನೇ ತಾನೆ?" ಎಂದು ಒಂದು ದಿನ ಅವಳು ಕೇಳಿದಳು.

"ಹೂಂ, ಅದೂ ಕಲೇನೇ."

"ಹಂಗಾದ್ರೆ ನೀನು ಊರ್ ತುಂಬಾ ಕಲೆ ಮಾಡ್ಬಿಟ್ಟು, ಮಾಡಿದ್ದು ನಾನೇ ಅಂತ ಫೋನ್ ನಂಬರ್ ಬೇರೆ ಕೊಟ್ಟಿದ್ದೀಯ!"

ಅವಳ ಹೆಸರು ಆಶಾರಾಣಿ. ಒಬ್ಬಳೇ ಮಗಳು, ಬಾಯಿ ಜೋರು. ಸ್ಕೂಲಿಂದ ಬಂದವಳೇ ಚೀಲ ಎಸೆದು ಅಪ್ಪನ ಶೆಡ್ಡಿಗೆ ಓಡಿಬರುತ್ತಿದ್ದಳು. ಬ್ರಷ್ ತೊಳೆಯುವುದು ಅವಳ ಕೆಲಸ, ದಾರದ ಇನ್ನೊಂದು ತುದಿ ಹಿಡಿಯುವುದೂ ಅವಳದೇ. ಸುಣ್ಣದ ಪುಡಿ ಮೆತ್ತಿದ ದಾರವನ್ನು ಗೋಡೆಗೆ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ನೆಟ್ಟನೆಯ ಬಿಳೀ ಗೆರೆ ಮೂಡುತ್ತದೆ. ಹಾಗೆ ಅಡ್ಡಕ್ಕೂ ಉದ್ದಕ್ಕೂ ಹೊಡೆದರೆ ಗೋಡೆ ತುಂಬ ಚೌಕಗಳು. ಕೈಯಲ್ಲಿರುವ ಮಾದರಿ ಚಿತ್ರದ ಮೇಲೂ ಅಷ್ಟೇ ಚೌಕ ಹಾಕಿಕೊಂಡು, ಇದರದ್ದನ್ನು ಅದಕ್ಕೆ ಇಳಿಸುತ್ತಾ ಹೋದರೆ ಬೆಂಕಿಪೊಟ್ಟಣದಷ್ಟಿದ್ದ ಚಿತ್ರ ಗೋಡೆಯಷ್ಟಾಗುತ್ತದೆ. ಇಡೀ ಚಿತ್ರ ನೋಡಬೇಡ, ಒಂದೊಂದೇ ಚೌಕ ನೋಡು ಎಂಬುದು ಭೀಮರಾಜನಿಗೆ ಅವನ ಗುರು ಚನ್ನಪ್ಪ ಹೇಳಿಕೊಟ್ಟ ಮೊದಲ ಪಾಠ.

ಎರಡನೇ ಪಾಠ ಇನ್ನೊಂದಿತ್ತು. ಗಿರಾಕಿ ತಂದುಕೊಟ್ಟ ಮಾದರಿಯ ಮೂಲೆಯಲ್ಲಿ ಬೇರೆ ಯಾರದೋ ಹೆಸರಿದ್ದರೆ ಆ ಚೌಕವನ್ನು ಖಾಲಿ ಬಿಟ್ಟು, ಅಲ್ಲಿ ತನ್ನ ಹೆಸರು ಹಾಕಿಕೊಳ್ಳಬೇಕು. ಇದನ್ನು ಯಾರೂ ಕಳವು ಎನ್ನುತ್ತಿರಲಿಲ್ಲ, ಕಸುಬು ಎನ್ನುತ್ತಿದ್ದರು. ಕ್ಯಾಲೆಂಡರಿನ ಲಕ್ಷ್ಮಿಯನ್ನು ನೋಡಿ ಬರೆದವನು ಕ್ಯಾಲೆಂಡರಿನವನ ಹೆಸರನ್ನೂ ಬರೆಯುತ್ತಾನೆಯೇ?

ಈ ಕಸುಬನ್ನು ಫ್ಲೆಕ್ಸ್ ನುಂಗಿಹಾಕಿತು. ಎರಡು ಸಾವಿರದ ಎಂಟನೇ ಇಸವಿಯ ಹೊತ್ತಿಗೆ ಭೀಮರಾಜನ ಪಾಲಿಗೆ ಉಳಿದದ್ದು ಬೈಕಿನ ನಂಬರ್ ಪ್ಲೇಟು, ‘ಮನೆ ಬಾಡಿಗೆಗೆ ಇದೆ’, ಮತ್ತು ಸ್ಕೂಲಿನ ಗೋಡೆಯ ಮೇಲಿನ ಮಗ್ಗಿ. ಆ ವರ್ಷ ಯಶವಂತಪುರದ ಮುಜಫ್ಫರ್ ತನ್ನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹಠ ಹಿಡಿದು ಕೈಬರಹದ ಬೋರ್ಡೇ ಬರೆಸಿದ. ಕೂಲಿಯ ಜೊತೆಗೆ ಮಗಳಿಗಿರಲಿ ಎಂದು ಟಿವಿಗೆ ಸಿಕ್ಕಿಸಿ ಆಡುವ ವೀಡಿಯೋ ಗೇಮೊಂದನ್ನೂ ಒಂದು ಹಳದಿ ಕ್ಯಾಸೆಟ್ಟನ್ನೂ ಕೊಟ್ಟ. ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಅಚ್ಚಾಗಿತ್ತು. ಆಶಾರಾಣಿ ಎರಡೇ ದಿನದಲ್ಲಿ ಆರಿಸಿ ನೋಡಿ, ಇರುವುದು ಆರೇ ಆಟ, ಉಳಿದವೆಲ್ಲ ಅವೇ ಸುತ್ತಿ ಬರುತ್ತವೆ ಎಂದು ತೀರ್ಪು ಕೊಟ್ಟಳು.

ಆ ಆರರಲ್ಲಿ ಅವಳಿಗೆ ಹುಚ್ಚು ಹಿಡಿಸಿದ್ದು ಒಂದು. ಟೋಪಿ ಹಾಕಿದ ಗಿಡ್ಡನೆಯವನೊಬ್ಬ ಕೈಯಲ್ಲಿ ಲಾಟೀನು ಹಿಡಿದು ಎಂಟು ಅಂತಸ್ತಿನ ಕತ್ತಲು ಮನೆಯ ಮೆಟ್ಟಿಲು ಹತ್ತಬೇಕು. ಆಟದ ಹೆಸರು ಯಾವುದೋ ಓದಲು ಬಾರದ ಲಿಪಿಯಲ್ಲಿತ್ತು. ಅವಳು ಅವನಿಗೆ ಟೋಪಿಮಾಮ ಎಂದು ಹೆಸರಿಟ್ಟಳು. ಟೋಪಿಮಾಮನ ಮೂಗು ಒಂದು ಚೌಕ, ಕಣ್ಣು ಒಂದು ಚೌಕ, ಮೈಯೆಲ್ಲ ಚೌಕಗಳ ಜೋಡಣೆ.

"ಅಪ್ಪಾ, ಇವನನ್ನ ಬರೆದ ಪೇಂಟರು ಚೌಕ ಅಳಿಸೋದೇ ಮರ್ತುಬಿಟ್ಟವ್ನೆ ನೋಡು!" ಎಂದು ಅವಳು ನಕ್ಕಾಗ ಭೀಮರಾಜನಿಗೆ ಮಗಳ ಮೇಲೆ ಎಲ್ಲಿಲ್ಲದ ಹೆಮ್ಮೆಯಾಯಿತು. ಚೌಕ ನೋಡುವ ಕಣ್ಣು ಅವಳಿಗೆ ಹೇಳಿಕೊಡದೆಯೇ ಬಂದಿತ್ತು.

ಮಾರನೇ ವರ್ಷದ ಗಣೇಶನ ಹಬ್ಬಕ್ಕೆ ಬೀದಿಯ ಹುಡುಗರು ಒಂದು ಸ್ವಾಗತದ ಬೋರ್ಡ್ ಬರೆಸಿದರು. ಅದರ ಹೂಬಳ್ಳಿಗೆ ಬಣ್ಣ ತುಂಬಿದ್ದು ಪೂರ್ತಿ ಆಶಾರಾಣಿ. ಭೀಮರಾಜ್ ಮೂಲೆಯಲ್ಲಿ ಹೆಸರು ಬರೆಯಲು ಕೂತಾಗ ಅವಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ನಂದೂ ಬರಿಯಪ್ಪಾ."

"ಒಂದ್ ಬೋರ್ಡಿಗೆ ಒಂದೇ ಹೆಸರು ಕಣಮ್ಮ. ನಿಂದೇ ಅಂತ ಒಂದ್ ಚಿತ್ರ ಬರಿ, ಅದಕ್ಕೆ ನಿನ್ ಹೆಸರೇ ಹಾಕೋಣ."

"ಪ್ರಾಮಿಸ್?"

"ಪ್ರಾಮಿಸ್."

ಇಷ್ಟು ಹೇಳಿ ಅವನು ಮರೆತ. ಮಕ್ಕಳಿಗೆ ಕೊಟ್ಟ ಮಾತುಗಳಲ್ಲಿ ಎಷ್ಟನ್ನು ದೊಡ್ಡವರು ನೆನಪಿಟ್ಟುಕೊಳ್ಳುತ್ತಾರೆ! ಎರಡು ಸಾವಿರದ ಹತ್ತರ ಅಕ್ಟೋಬರಿನಲ್ಲಿ ಆಶಾರಾಣಿಗೆ ಡೆಂಗ್ಯೂ ಬಂತು. ಐದನೇ ದಿನ ಆಸ್ಪತ್ರೆಯಿಂದ ಅವಳ ದೇಹವನ್ನು ಮನೆಗೆ ತಂದರು. ಅವಳಿಗೆ ಹದಿನಾಲ್ಕು ವರ್ಷ, ಒಂಬತ್ತನೇ ಕ್ಲಾಸು. ಅದಕ್ಕಿಂತ ಹೆಚ್ಚು ಹೇಳಲು ನನಗೂ ಮನಸ್ಸಿಲ್ಲ.

ಮೂರು ತಿಂಗಳ ಮೇಲೆ, ಟಿವಿ ಕೆಟ್ಟಿತೆಂದು ಅದನ್ನು ಎಳೆದಾಗ ಹಿಂದುಗಡೆ ಒಂದು ಗ್ರಾಫ್ ಪುಸ್ತಕ ಸಿಕ್ಕಿತು. ಲೆಕ್ಕದ ಮೇಷ್ಟರಿಗೆಂದು ತರಿಸಿದ್ದು. ಅದರಲ್ಲಿ ಲೆಕ್ಕವೊಂದೂ ಇರಲಿಲ್ಲ. ಒಂದೊಂದು ಹಾಳೆಯಲ್ಲೂ ಟೋಪಿಮಾಮನದೇ ಮೈಕಟ್ಟಿನ, ಅವನದೇ ಲಾಟೀನು ಹಿಡಿದ ಒಬ್ಬ ಹುಡುಗಿ. ಟೋಪಿ ಇಲ್ಲ. ಟೋಪಿಯಿದ್ದಲ್ಲಿ ಮಡಚಿ ಕಟ್ಟಿದ ಎರಡು ಜಡೆ, ಕೆಂಪು ರಿಬ್ಬನ್ನು. ಮೊದಲ ಹಾಳೆಯಲ್ಲಿ ಅವಳು ಮೊದಲ ಮೆಟ್ಟಿಲ ಮೇಲೆ, ಎರಡನೆಯದರಲ್ಲಿ ಎರಡನೆಯ ಮೆಟ್ಟಿಲ ಮೇಲೆ. ಆಟದಲ್ಲಿ ಒಂದೊಂದು ಅಂತಸ್ತು ಗೆದ್ದಾಗ ಒಂದೊಂದು ಹಾಳೆ ತುಂಬಿಸಿದ್ದಳು. ಅಂತಹವು ಏಳು. ಎಂಟನೇ ಹಾಳೆ ಖಾಲಿಯಿತ್ತು.

ಫೆಬ್ರವರಿ ಹನ್ನೊಂದು ಆಶಾರಾಣಿಯ ಹುಟ್ಟುಹಬ್ಬ. ಆ ದಿನ ಬೆಳಗಾಗುತ್ತಲೇ ಭೀಮರಾಜ್ ಡಬ್ಬಿ, ಬ್ರಷ್ಷು, ದಾರ ತೆಗೆದುಕೊಂಡು ಬೀದಿಯ ಕೊನೆಯ ಚಿಕ್ಕಮಾರಯ್ಯನ ಕಾಂಪೌಂಡಿಗೆ ಹೋದ. ದಾರದ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಒಂದು ಮೊಳೆ ಹೊಡೆದು ಅದಕ್ಕೆ ಕಟ್ಟಿದ. ಹುಡುಗಿ ಹದಿನಾರು ಚೌಕದಷ್ಟು ಎತ್ತರ. ಒಂದು ಚೌಕಕ್ಕೆ ಮೂರೂವರೆ ಇಂಚು ಇಟ್ಟುಕೊಂಡ. ಹದಿನಾರು ಮೂರೂವರೆ ಐವತ್ತಾರು. ನಾಲ್ಕು ಅಡಿ ಎಂಟು ಇಂಚು. ಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿ ಬರೆದಿಟ್ಟಿದ್ದ ಮಗಳ ಕೊನೆಯ ಎತ್ತರವೂ ಅಷ್ಟೇ.

ಒಂದೊಂದೇ ಚೌಕ ನೋಡುತ್ತಾ ತುಂಬಿಸಿದ. ಇಡೀ ಚಿತ್ರ ನೋಡಿದ್ದರೆ ಅವನಿಂದ ಆಗುತ್ತಿರಲಿಲ್ಲ. ಮುಗಿಸಿ, ಮೂಲೆಯಲ್ಲಿ ಕೈ ತಾನಾಗಿಯೇ ‘ಕಲೆ: ಭೀಮ್’ ಎಂದು ಬರೆದು ನಂಬರು ಹಾಕಿತು.

ಮುಂದಿನ ವರ್ಷ ಎರಡನೇ ಹಾಳೆ ಬಾಗಲೂರು ರಸ್ತೆಯ ಗೋಡೌನಿನ ಗೋಡೆಗೆ ಇಳಿಯಿತು. ಬಡಗಿಗಳೂ ಪೇಂಟರುಗಳೂ ಒಂದು ಇಂಚನ್ನು ಎಂಟು ಪಾಲು ಮಾಡಿ ಒಂದು ಪಾಲಿಗೆ ಒಂದು ನೂಲು ಎನ್ನುತ್ತಾರೆ. ಭೀಮರಾಜ್ ಈ ಸಲ ಚೌಕಕ್ಕೆ ಒಂದು ನೂಲು ಜಾಸ್ತಿ ಹಿಡಿದ. ಹುಡುಗಿ ಎರಡು ಇಂಚು ಬೆಳೆದಳು. ಅದರ ಮುಂದಿನ ವರ್ಷ ಹೆಬ್ಬಾಳದಲ್ಲಿ ಇನ್ನೊಂದು ನೂಲು. ಹೀಗೆ ಮಾಡುತ್ತಿದ್ದೇನೆ ಎಂದು ಅವನು ಯಾರಿಗೂ ಹೇಳಲಿಲ್ಲ, ಹೆಂಡತಿ ಜ್ಯೋತಿಲಕ್ಷ್ಮಿಗೂ ಹೇಳಲಿಲ್ಲ. ಅವಳಿಗಂತೂ ಬೀದಿಯ ಕೊನೆಯ ಗೋಡೆ ಕಂಡರೇ ಆಗುತ್ತಿರಲಿಲ್ಲ. ಹಾಲಿನ ಬೂತಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಉಳಿದ ಗೋಡೆಗಳನ್ನು ಅವಳು ಕಣ್ಣಿಂದಲೂ ನೋಡಿರಲಿಲ್ಲ.

ಗೋಡೆಯ ಯಜಮಾನರು ಯಾರೂ ಬೇಡವೆನ್ನಲಿಲ್ಲ. ಲಾಟೀನು ಹಿಡಿದು ನಿಂತ ಹುಡುಗಿಯ ಮುಂದೆ ಮೂತ್ರ ಮಾಡುವ ಧೈರ್ಯ ಗಂಡಸರಿಗೆ ಬರುವುದಿಲ್ಲವಾದ್ದರಿಂದ ಅವರಿಗೂ ಲಾಭವೇ. ಜನ ಅವಳನ್ನು ಲಾಟೀನು ಹುಡುಗಿ ಎಂದು ಕರೆದರು. ಆಟೋದವರು ‘ಲಾಟೀನು ಹುಡುಗಿ ಸ್ಟಾಪ್’ ಎನ್ನತೊಡಗಿದರು. ಬೈಕಿನಲ್ಲಿ ದಾಟುವಾಗ ಆ ಮಾತು ಕಿವಿಗೆ ಬಿದ್ದರೆ ಭೀಮರಾಜ್ ಗಾಡಿ ನಿಧಾನ ಮಾಡುತ್ತಿದ್ದ. ಯಾರೋ ಮಗಳನ್ನು ಕೂಗಿದಂತೆ ಆಗುತ್ತಿತ್ತು ಅವನಿಗೆ.

ಆರನೇ ಹಾಳೆ ಸಂಜಯನಗರಕ್ಕೆ ಬಂತು. ಅಲ್ಲಿ ವಾಸು ಎಂಬ ಹುಡುಗ ಹೊಸದಾಗಿ ಒಂದು ಕೆಫೆ ತೆರೆದಿದ್ದ. ಅವನೇ ನಂಬರು ನೋಡಿ ಫೋನ್ ಮಾಡಿ ಕರೆಸಿದ್ದು.

"ಅಂಕಲ್, ಚಿಕ್ಕೋನಿದ್ದಾಗ ನಾನೂ ಆ ಗೇಮ್ ಆಡಿದ್ದೀನಿ. ನಿಮ್ದು ಸೂಪರ್ ಕಾನ್ಸೆಪ್ಟ್. ಇದನ್ನ ನಮ್ ಕಪ್ ಮೇಲೆ ಪ್ರಿಂಟ್ ಮಾಡಿಸ್ಲಾ?" ಎಂದ.

ಭೀಮರಾಜನಿಗೆ ಕಣ್ಣು ತುಂಬಿ ಬಂತು. ಜನ ಮಗಳನ್ನು ಕೈಯಲ್ಲಿ ಹಿಡಿದು ಕಾಫಿ ಕುಡಿಯುತ್ತಾರೆ! ದುಡ್ಡು ಬೇಡವೆಂದ, ಒಂದು ಕಪ್ಪು ಸಾಕೆಂದ. ವಾಸು ಎರಡು ಸಾಲಿನ ಒಪ್ಪಿಗೆ ಪತ್ರ ಬರೆದು ಮುಂದಿಟ್ಟ. ‘ನನ್ನ ಕಲೆಯನ್ನು ಬಳಸಿಕೊಳ್ಳಲು ನನ್ನ ಒಪ್ಪಿಗೆ ಇದೆ’ ಎಂದಿತ್ತು. ಕೆಳಗೆ ಭೀಮರಾಜ್ ಅಕ್ಷರ ಅಕ್ಷರವಾಗಿ ರುಜು ಹಾಕಿದ. ಮಾರನೇ ವರ್ಷ ಏಳನೇ ಹಾಳೆ ಚಿಕ್ಕಜಾಲದಲ್ಲಿ ಮುಗಿಯಿತು. ವಾಸು ಏಳೂ ಗೋಡೆಗಳ ಫೋಟೋ, ವಿಳಾಸ, ದಾರಿ ಎಲ್ಲ ಸೇರಿಸಿ ಫೇಸ್‌ಬುಕ್ಕಿಗೆ ಹಾಕಿದ. ಹುಡುಗ ಹುಡುಗಿಯರು ಭಾನುವಾರ ಏಳೂ ಗೋಡೆ ಸುತ್ತಿ ಸೆಲ್ಫಿ ತೆಗೆದುಕೊಳ್ಳುವುದು ಆ ಕಡೆಯ ಒಂದು ಷೋಕಿಯೇ ಆಯಿತು.

ಎರಡು ಸಾವಿರದ ಹದಿನೆಂಟರ ಕೊನೆಯಲ್ಲಿ ರಿಜಿಸ್ಟರ್ಡ್ ಪೋಸ್ಟ್ ಬಂತು. ಒಂಬತ್ತು ಪುಟ, ಎಲ್ಲವೂ ಇಂಗ್ಲಿಷು. ಭೀಮರಾಜನಿಗೆ ಗೊತ್ತಿದ್ದ ವಕೀಲರೆಂದರೆ ಆರ್.ಟಿ. ನಗರದ ಕಾಶಿನಾಥ ಒಬ್ಬರೇ. ಅವರ ಆಫೀಸಿನ ಬೋರ್ಡು ಇವನು ಬರೆದದ್ದು, ಇನ್ನೂ ಬಣ್ಣ ಬಿಟ್ಟಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಹೋದರು.

ಕಾಶಿನಾಥ ಕನ್ನಡಕ ಏರಿಸಿ ಪೂರ್ತಿ ಓದಿ, ಪುಟಗಳನ್ನು ಮೇಜಿನ ಮೇಲಿಟ್ಟರು.

"ಆ ಆಟದ ಹಕ್ಕನ್ನ ಹೊರದೇಶದ ಒಂದು ಕಂಪನಿ ಕೊಂಡ್ಕೊಂಡಿದೆ ಭೀಮರಾಜ್. ಈಗ ಮೊಬೈಲಿಗೆ ಅಂತ ಮತ್ತೆ ಬಿಡ್ತಿದ್ದಾರೆ. ನಿಮ್ಮ ಹುಡುಗಿ ಅವರ ಬೊಂಬೆಯ ನಕಲು ಅಂತ ಅವರ ವಾದ. ನಿಂತಿರೋ ರೀತಿ, ಲಾಟೀನು, ಮೆಟ್ಟಿಲು, ಎಲ್ಲ ಒಂದೇ."

"ಜಡೆ ಇದೆಯಲ್ಲ ಸಾರ್? ಅವನಿಗೆ ಟೋಪಿ."

"ಟೋಪಿ ತೆಗೆದು ಜಡೆ ಹಾಕಿದ್ರೆ ಆಸಾಮಿ ಬೇರೆ ಆಗ್ತಾನಾ ಅನ್ನೋದೇ ಕೇಸು. ಆ ಗೇಮು ಎಲ್ಲಿ ತಗೊಂಡಿದ್ರಿ? ಬಿಲ್ಲಿದೆಯಾ?"

"ಬಿಲ್ಲಿಲ್ಲ ಸಾರ್. ಒಂದ್ ಬೋರ್ಡ್ ಬರ್ಕೊಟ್ಟಿದ್ದೆ, ಅದಕ್ಕೆ ಕೊಟ್ಟಿದ್ರು. ಆ ಬೋರ್ಡೂ ಈಗ ಫ್ಲೆಕ್ಸ್ ಆಗೋಗಿದೆ."

ಕಾಶಿನಾಥರಿಗೆ ನಗು ಬಂತು, ತಡೆದುಕೊಂಡರು. "ಆ ಕ್ಯಾಸೆಟ್ಟೇ ಕಳ್ಳಮಾಲು ಕಣ್ರೀ. ಅದನ್ನ ಮಾತ್ರ ಎಲ್ಲೂ ಬಾಯಿ ಬಿಡಬೇಡಿ."

ಭೀಮರಾಜ್ ಕೇಳಿದ, "ಮೊದಲು ಆ ಬೊಂಬೆ ಬರೆದ ಪೇಂಟರ್ ಹೆಸರೇನು ಸಾರ್? ಅವರನ್ನೇ ಕೇಳ್ಕೊಂಡ್ರೆ? ಒಂದೇ ಕಸುಬಿನೋರು, ಒಪ್ಕೋಬಹುದು."

ಕಾಶಿನಾಥ ಮತ್ತೆ ಪುಟ ತಿರುವಿದರು. ಕಂಪನಿಯ ಹೆಸರು ಇಪ್ಪತ್ತು ಕಡೆ ಇತ್ತು. ಬರೆದವನ ಹೆಸರು ಎಲ್ಲೂ ಇರಲಿಲ್ಲ. "ಅವರ ಹೆಸರು ಹಾಕಿಲ್ಲ" ಎಂದರು. ಭೀಮರಾಜನಿಗೆ, ಆ ಓದಲು ಬಾರದ ಲಿಪಿಯ ಊರಿನಲ್ಲಿ ಎಲ್ಲೋ ಕೂತು ಚೌಕ ತುಂಬಿಸಿದ ಆ ಪುಣ್ಯಾತ್ಮನ ಮೇಲೆ ಕನಿಕರ ಬಂತು.

"ಕೊನೇಲಿ ಒಂದು ಪಟ್ಟಿ ಇದೆ, ಸರಿಯಾಗಿದೆಯಾ ನೋಡಿ" ಎಂದು ಕಾಶಿನಾಥ ಓದಿದರು. "ಯಲಹಂಕ, ಆಕೃತಿಯ ಎತ್ತರ ನಾಲ್ಕಡಿ ಎಂಟಿಂಚು. ಬಾಗಲೂರು ರಸ್ತೆ, ನಾಲ್ಕಡಿ ಹತ್ತಿಂಚು. ಹೆಬ್ಬಾಳ, ಐದಡಿ. ಯಶವಂತಪುರ, ಐದಡಿ ಎರಡಿಂಚು. ಆಮೇಲಿನ ಮೂರೂ ಐದಡಿ ಎರಡಿಂಚು."

ಅಲ್ಲಿಯವರೆಗೆ ಸೆರಗಿನ ಅಂಚು ತಿರುವುತ್ತಾ ಕೂತಿದ್ದ ಜ್ಯೋತಿಲಕ್ಷ್ಮಿ ತಲೆಯೆತ್ತಿದಳು.

"ಇನ್ನೊಂದ್ಸಲ ಓದಿ ಸಾರ್. ಇಸವಿ ಸಮೇತ ಓದಿ."

ಅವರು ಓದಿದರು. ಎರಡು ಸಾವಿರದ ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ಜ್ಯೋತಿಲಕ್ಷ್ಮಿ ಬೆರಳು ಮಡಚುತ್ತಾ ಕೇಳಿಸಿಕೊಂಡಳು. ಮಗಳಿಗೆ ಹದಿನೈದು, ಹದಿನಾರು, ಹದಿನೇಳು, ಹದಿನೆಂಟು. ಹದಿನೆಂಟಕ್ಕೆ ಹೆಣ್ಣುಮಕ್ಕಳ ಬೆಳವಣಿಗೆ ನಿಲ್ಲುತ್ತದೆ. ಅವಳ ಸ್ವಂತ ಎತ್ತರ ಐದಡಿ ಎರಡಿಂಚು.

"ನನ್ನಷ್ಟು ಮಾಡಿದ್ರಾ ಅವಳನ್ನ?" ಎಂದು ಗಂಡನ ಕಡೆ ತಿರುಗಿ ಕೇಳಿದಳು. "ಎಂಟು ವರ್ಷದಿಂದ ನನಗೊಂದು ಮಾತು ಹೇಳಲಿಲ್ವಲ್ರೀ. ನಾನೂ ಬಂದು ನೋಡ್ತಿದ್ನಲ್ಲ, ನನ್ ಮಗಳು ದೊಡ್ಡವಳಾಗಿದ್ದನ್ನ."

ಅವನು ತಲೆ ತಗ್ಗಿಸಿ ಕೂತ. ಕಾಶಿನಾಥ ಎದ್ದು ಹೋಗಿ, ಕುಡಿಯಲು ನೀರು ತಂದುಕೊಟ್ಟರು.

ಆಮೇಲೆ ಅವರು ಎರಡು ದಾರಿ ಹೇಳಿದರು. ಒಂದು, ಕೋರ್ಟಿಗೆ ಹೋಗುವುದು. ಜಡೆ ರಿಬ್ಬನ್ನು ನಮ್ಮದೇ ಕಲ್ಪನೆ, ಇದು ಸತ್ತ ಮಗಳ ನೆನಪು ಎಂದು ವಾದಿಸಬಹುದು. ವರ್ಷಗಟ್ಟಲೆ ನಡೆಯುತ್ತದೆ, ಗೆಲ್ಲುವ ಭರವಸೆಯಿಲ್ಲ. ಇನ್ನೊಂದು, ಹದಿನೈದು ದಿನದಲ್ಲಿ ಏಳೂ ಗೋಡೆ ಅಳಿಸುತ್ತೇನೆ, ಮುಂದೆಂದೂ ಬರೆಯುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡುವುದು. ಕೆಫೆಯ ವಾಸು ಆಗಲೇ ಬರೆದುಕೊಟ್ಟು ಕಪ್ಪುಗಳನ್ನೆಲ್ಲ ಒಡೆದು ಹಾಕಿದ್ದ.

"ಕೋರ್ಟಿಗೇ ಹೋಗೋಣ ಸಾರ್" ಎಂದ ಭೀಮರಾಜ್. ಗೋಡೆಗಳು ಹೋದರೆ ಮಗಳು ಎರಡನೇ ಸಲ ಹೋದಂತೆ. ಮನೆ ಮಾರಿಯಾದರೂ ನಿಲ್ಲುತ್ತೇನೆ ಎಂದು ಅವನಿಗೆ ಆ ಗಳಿಗೆಯಲ್ಲಿ ಅನ್ನಿಸಿದ್ದು ಸುಳ್ಳಲ್ಲ.

"ಹಂಗಾದ್ರೆ ಒಂದು ಮಾತು. ಮೊದಲನೇ ದಿನ ಕೇಳೋದೇ, ಚಿತ್ರ ಯಾರದು ಅಂತ. ಮೂಲೇಲಿ ಹೆಸರು ನಿಮ್ಮದಿದೆ, ಫೋನ್ ನಂಬರಿದೆ. ಕೆಫೆಗೆ ಕೊಟ್ಟ ಪತ್ರದಲ್ಲೂ ‘ನನ್ನ ಕಲೆ’ ಅಂತ ರುಜು ಹಾಕಿದ್ದೀರಿ. ನಿಮ್ಮದೇನಾ?"

"ನನ್ ಮಗಳದು ಸಾರ್. ಅವಳು ಗ್ರಾಫ್ ಪುಸ್ತಕದಲ್ಲಿ ಬರೆದಿದ್ಲು. ನಾನು ದೊಡ್ಡದು ಮಾಡ್ದೆ ಅಷ್ಟೇ."

"ಅವಳದು ಅಂದ್ರೆ ಅವಳ ಹೆಸರು ಯಾಕೆ ಹಾಕಲಿಲ್ಲ?" ಎಂದು ಕಾಶಿನಾಥ ವಕೀಲರಂತೆಯೇ ಕೇಳಿದರು.

ಭೀಮರಾಜ್ ಬಾಯಿ ತೆರೆದ. ಅಭ್ಯಾಸ ಎನ್ನಬೇಕೆಂದಿದ್ದ. ಬದಲಿಗೆ ಮೇಜಿನ ಮೇಲಿನ ಪುಟಗಳನ್ನು ಜೋಡಿಸಿಕೊಂಡು ಎದ್ದ.

ಮನೆಗೆ ಬಂದವಳೇ ಜ್ಯೋತಿಲಕ್ಷ್ಮಿ ಕಬ್ಬಿಣದ ಪೆಟ್ಟಿಗೆ ತೆರೆದು ಗ್ರಾಫ್ ಪುಸ್ತಕ ತೆಗೆದಳು. ಅವಳು ಅದನ್ನು ಇಷ್ಟು ವರ್ಷ ಮುಟ್ಟಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಹಾಳೆ ತಿರುವಿದಳು. ಆಮೇಲೆ ಪುಸ್ತಕವನ್ನು ಗಂಡನ ತೊಡೆಯ ಮೇಲಿಟ್ಟು, ಮೊದಲ ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ ಬೆರಳಿಟ್ಟಳು.

"ಇದೇನ್ರೀ ಇದು?"

ಅಲ್ಲಿ ತಿಳಿ ಪೆನ್ಸಿಲಿನಲ್ಲಿ, ಚಿಕ್ಕ ಚಿಕ್ಕ ಚೌಕ ತುಂಬಿಸಿ ‘ಕಲೆ: ಆಶಾರಾಣಿ’ ಎಂದು ಬರೆದಿತ್ತು. ಕನ್ನಡದ ದುಂಡು ಅಕ್ಷರಗಳನ್ನು ಚೌಕಕ್ಕೆ ಇಳಿಸಲು ಹುಡುಗಿ ಬಹಳ ಒದ್ದಾಡಿದ್ದಳು. ಣಿ ಅಕ್ಷರ ಗ್ರಾಫಿನ ಗೆರೆ ದಾಟಿ ಆಚೆ ಹೋಗಿತ್ತು. ಏಳು ಹಾಳೆಯಲ್ಲೂ ಇತ್ತು. ಏಳರಲ್ಲೂ ಅದೇ ಮೂಲೆ.

ಭೀಮರಾಜ್ ಆ ಏಳು ಮೂಲೆಗಳನ್ನು ಏಳು ಸಲ ನೋಡಿದ್ದ. ಚೌಕ ಲೆಕ್ಕ ಹಾಕಿದ್ದ. ಮಾದರಿಯ ಮೂಲೆಯಲ್ಲಿ ಹೆಸರು ಕಂಡೊಡನೆ ಆ ಚೌಕ ಖಾಲಿ ಬಿಟ್ಟು ತನ್ನದನ್ನು ಹಾಕಬೇಕೆಂದು ಕಲಿತ ಕೈ ಅದು, ಕಣ್ಣನ್ನು ಕೇಳದೆಯೇ ಬಿಟ್ಟಿತ್ತು. ನಿಂದೇ ಅಂತ ಒಂದು ಚಿತ್ರ ಬರಿ, ನಿನ್ನ ಹೆಸರೇ ಹಾಕೋಣ ಎಂದವನು ಅವನು. ಅವಳು ಬರೆದಿದ್ದಳು. ತೋರಿಸಲು ಎಂಟನೆಯದು ಮುಗಿಯಲೆಂದು ಕಾದಿದ್ದಳೋ ಏನೋ. ಅವನು ಅವಳ ಚಿತ್ರ ತೆಗೆದುಕೊಂಡು, ಅವಳ ಹೆಸರು ಬಿಟ್ಟು, ತನ್ನ ಫೋನ್ ನಂಬರು ಹಾಕಿಕೊಂಡಿದ್ದ.

"ಕಂಪನಿಯವರದ್ದೇನೋ ಗೊತ್ತಿಲ್ಲ ಜ್ಯೋತಿ" ಎಂದ. "ಕದ್ದಿದ್ದಂತೂ ನಿಜ. ನಾನೇ ಕದ್ದಿದ್ದು."

ಅವಳು ಸಮಾಧಾನ ಹೇಳಲಿಲ್ಲ. ಹೇಳಬೇಕಾಗಿತ್ತೋ ಏನೋ, ಅವಳಿಗೂ ಅಷ್ಟು ಶಕ್ತಿಯಿರಲಿಲ್ಲ. ಪಕ್ಕದಲ್ಲಿ ಕೂತು, ಣಿ ಅಕ್ಷರದ ಮೇಲೆ ಬೆರಳಾಡಿಸುತ್ತಾ ಅತ್ತಳು.

ಮಾರನೇ ದಿನ ಅವನು ಒಬ್ಬನೇ ಕಾಶಿನಾಥರ ಬಳಿ ಹೋದ.

"ಕೇಸು ನಡೆಸಿದ್ರೆ ಅವಳ ಹೆಸರು ಏನಂತ ಬರುತ್ತೆ ಸಾರ್, ಕೋರ್ಟಿನ ಕಾಗದದಲ್ಲಿ?"

"ಮೂಲ ಚಿತ್ರ ಅವಳದು ಅಂದ್ರೆ, ಆಟ ನೋಡಿ ನಕಲು ಮಾಡಿದವಳು ದಿವಂಗತ ಆಶಾರಾಣಿ ಅಂತ ಅವರ ಕಡೆಯೋರು ಬರೀತಾರೆ. ಅದನ್ನ ತಡೆಯೋಕಾಗಲ್ಲ."

"ಹಂಗಾದ್ರೆ ಬೇಡ. ಮುಚ್ಚಳಿಕೆ ಬರೀರಿ. ನಕಲು ಮಾಡಿದ್ದು ನಾನೇ, ಭೀಮರಾಜ್ ಅಂತ ಬರೀರಿ. ಅವಳ ಹೆಸರು ಎಲ್ಲೂ ಬರಕೂಡದು."

ಕಾಶಿನಾಥ ಟೈಪಿಸ್ಟನನ್ನು ಕರೆದರು. ‘ಸದರಿ ಆಕೃತಿಗಳನ್ನು ನಾನೇ ಸ್ವತಃ ನಕಲು ಮಾಡಿರುತ್ತೇನೆ. ಸದರಿ ಆಕೃತಿಯ ಯಾವ ಭಾಗವೂ ಕಾಣದಂತೆ ಹದಿನೈದು ದಿನಗಳಲ್ಲಿ ಅಳಿಸಿ ಫೋಟೋ ಸಲ್ಲಿಸುತ್ತೇನೆ’ ಎಂದು ಕಾಗದ ತಯಾರಾಯಿತು. ಭೀಮರಾಜ್ ಓದಿಸಿಕೊಂಡು ಕೇಳಿದ.

"ಹೆಸರು ಆಕೃತಿಯ ಭಾಗ ಅಲ್ಲ ತಾನೆ ಸಾರ್?"

"ಯಾವ ಹೆಸರು?"

"ಮೂಲೇಲಿ ಬರೆಯೋ ಹೆಸರು."

ಕಾಶಿನಾಥರಿಗೆ ಅರ್ಥವಾಯಿತು. ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲ ಭೀಮರಾಜ್. ನಿಮ್ಮ ಮಗಳ ಹೆಸರನ್ನ ಯಾವ ಕಂಪನಿಯೂ ಕೇಳೋ ಹಾಗಿಲ್ಲ."

ಅಳಿಸುವ ಕೆಲಸ ಚಿಕ್ಕಜಾಲದಿಂದ ಶುರುವಾಯಿತು. ಈ ಸಲ ಜ್ಯೋತಿಲಕ್ಷ್ಮಿಯೂ ಬೈಕಿನ ಹಿಂದೆ ಕೂತು, ಮಡಿಲಲ್ಲಿ ಗ್ರಾಫ್ ಪುಸ್ತಕ ಇಟ್ಟುಕೊಂಡು ಬಂದಳು. ಇಪ್ಪತ್ತೊಂದು ವರ್ಷದ ಮಗಳನ್ನು ಅವಳು ಮೊದಲ ಸಲ ನೋಡಿದ್ದು ಅಲ್ಲಿ. ಎದುರು ನಿಂತಳು. ಕಣ್ಣಿಗೆ ಕಣ್ಣು ಸರಿಯಾಗಿತ್ತು. ಗೋಡೆಯ ಕೆಂಪು ರಿಬ್ಬನ್ನನ್ನು ಒಮ್ಮೆ ಸವರಿ ಪಕ್ಕಕ್ಕೆ ಸರಿದಳು. ಭೀಮರಾಜ್ ಮೊದಲು ತನ್ನ ಹೆಸರನ್ನೂ ನಂಬರನ್ನೂ ಕೆರ್ರೆಂದು ಕೆರೆದು ತೆಗೆದ. ಆಮೇಲೆ ಬಿಳಿ ಬಣ್ಣ ಬಳಿದ. ಜಡೆ ಹೋಯಿತು, ಮುಖ ಹೋಯಿತು, ಕೊನೆಗೆ ಲಾಟೀನು. ಬಣ್ಣ ಒಣಗಿದ ಮೇಲೆ ಬಲಗಡೆಯ ಕೆಳಮೂಲೆಯಲ್ಲಿ ಜ್ಯೋತಿಲಕ್ಷ್ಮಿ ದಾರದ ತುದಿ ಹಿಡಿದಳು, ಅವನು ದಾರ ಹೊಡೆದ. ಮಗಳು ಬರೆದಂತೆಯೇ, ಚೌಕ ಚೌಕವಾಗಿ, ಗೆರೆ ದಾಟಿದ ಣಿ ಸಮೇತ ಹೆಸರು ಮೂಡಿತು.

ಸಂಜಯನಗರ, ಐದನೇ ಹಾಳೆಯ ಗೋಡೆ, ಯಶವಂತಪುರ, ಹೆಬ್ಬಾಳ. ದಿನ ದಿನಕ್ಕೆ ಹಿಂದಕ್ಕೆ ಹೋದರು. ಐದಡಿ ಎರಡಿಂಚಿನ ಮಗಳು ಐದಡಿಗಿಳಿದಳು, ಬಾಗಲೂರು ರಸ್ತೆಯಲ್ಲಿ ಇನ್ನೆರಡು ಇಂಚು ಕುಗ್ಗಿದಳು. ಕಡೆಯ ದಿನ ತಮ್ಮ ಬೀದಿಯ ಕೊನೆಗೆ ಬಂದು ನಿಂತಾಗ ಅವಳು ನಾಲ್ಕಡಿ ಎಂಟಿಂಚು. ಆ ಎತ್ತರದಲ್ಲೇ ಅವಳು ಇಬ್ಬರನ್ನೂ ಬಿಟ್ಟು ಹೋಗಿದ್ದಳು.

ಜ್ಯೋತಿಲಕ್ಷ್ಮಿ ಎಂಟು ವರ್ಷ ಸುತ್ತು ಹಾಕಿಕೊಂಡು ತಪ್ಪಿಸಿದ್ದ ಗೋಡೆಯ ಹತ್ತಿರ ಹೋದಳು. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆಯುವಾಗ ಮಾಡುತ್ತಿದ್ದಂತೆ, ಹುಡುಗಿಯ ತಲೆಯ ಮೇಲೆ ಅಂಗೈಯನ್ನು ಅಡ್ಡಲಾಗಿ ಇಟ್ಟಳು. ಸುಮಾರು ಹೊತ್ತು ಹಾಗೇ ಇಟ್ಟುಕೊಂಡಿದ್ದಳು.

"ಆಯ್ತು, ಬಳೀರಿ" ಎಂದು ಕೈ ತೆಗೆದಳು.

ಅವನು ಬಳಿದ. ಒಂದೊಂದೇ ಚೌಕ ನೋಡುವ ಉಪಾಯ ಈ ಸಲ ನಡೆಯಲಿಲ್ಲ, ಇಡೀ ಮಗಳೇ ಕಣ್ಣ ಮುಂದೆ ನಿಂತಿದ್ದಳು. ಗೋಡೆ ಬೆಳ್ಳಗಾಯಿತು. ಬಿಸಿಲಿಗೆ ಬೇಗ ಒಣಗಿತು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಮೂಲೆಯಲ್ಲಿ ದಾರ ಹೊಡೆದರು, ಹೆಸರು ತುಂಬಿಸಿದರು. ಭೀಮರಾಜ್ ಮುಚ್ಚಳಿಕೆಗೆ ಬೇಕಾದ ಫೋಟೋ ತೆಗೆದುಕೊಂಡ.

ಅಷ್ಟರಲ್ಲಿ ಗೋಡೆಯ ಯಜಮಾನ ಚಿಕ್ಕಮಾರಯ್ಯ ಕೋಲೂರಿಕೊಂಡು ಹೊರಗೆ ಬಂದ. ವಯಸ್ಸು ಎಂಬತ್ತು ದಾಟಿದೆ, ಕಣ್ಣಿಗೆ ಪೊರೆ. ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ಹೆಣ್ಮಗ ಇದ್ದಂಗಿತ್ತು, ಯಾಕ್ ಇಂಗೆ ಅಳಿಸಿಬುಟ್ರೋ ಏನೋ" ಎಂದು ಗೊಣಗಿ, ಬಗ್ಗಿ ಮೂಲೆಯ ಕಡೆ ಕೋಲು ತೋರಿಸಿದ. "ಎಲ್ಲಾ ಬೆಳ್ಳಗಾಗೈತೆ. ಈ ಮೂಲೇಲಿ ಮಾತ್ರ ಒಸಿ ಕಲೆ ಉಳ್ಕಂಡೈತೆ ನೋಡು ಭೀಮ. ಅದ್ಕೂ ಒಂದ್ ಕೈ ಬಳ್ದುಬುಡು."

ಭೀಮರಾಜ್ ಬ್ರಷ್ಷನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ.

"ಇರ್ಲಿ ಬಿಡು ತಾತ" ಎಂದ. "ಅದು ನನ್ ಮಗಳು ಮಾಡಿದ್ದು."